ಖಾಲಿ ಪೈಪು, ಗಟ್ಟಿ ಬ್ರೇಕು

ಜವಳಗೇರಾದ ಅಮರಮ್ಮನಿಗೆ ಕಾರಿನಲ್ಲಿ ಕುಳಿತರೆ ಸಾಕು, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಅದು ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಪಕ್ಕದಲ್ಲಿ ಕಾಲುವೆಯ ನೀರು ಜೊತೆಗೇ ಬರುತ್ತಿತ್ತು, ಭತ್ತದ ಗದ್ದೆಗಳು ಹಿಂದಕ್ಕೆ ತೇಲಿ ಹೋಗುತ್ತಿದ್ದವು. ೧೯೯೫ರ ಸುಗ್ಗಿ ಮುಗಿದ ಮೇಲೆ ಗಂಡ ಗದ್ದೆಪ್ಪ ಹುಲ್ಲಿನ ಬಣವೆಯ ಮಗ್ಗುಲಲ್ಲಿ ನಿಲ್ಲಿಸಿದ್ದ ಹಳೆಯ ಪೆಟ್ರೋಲ್ ಕಾರನ್ನು ಹೊರಗೆ ತೆಗೆದಿದ್ದ. ಆ ಸಂಜೆ ಸಿಂಧನೂರಿನಲ್ಲಿ ಹಸಿರು ಸೀರೆ, ಬಳೆ ಕೊಂಡು ಇಬ್ಬರೂ ಊರಿಗೆ ಮರಳುತ್ತಿದ್ದರು. ಮಗಳು ಯಮನೂರಮ್ಮನಿಗೆ ಚೊಚ್ಚಲ ಬಸಿರು. ಮರುದಿನ ಮಸ್ಕಿಗೆ ಹೋಗಿ, ಕುಬುಸ, ಅಂದರೆ ಸೀಮಂತ ಮಾಡಿ, ಅವಳನ್ನು ತವರಿಗೆ ಕರೆತರುವುದಿತ್ತು.

ಅರೆಗಣ್ಣಿನ ಅಮರಮ್ಮನಿಗೆ ಮಗಳ ಮಡಿಲಲ್ಲಿ ಕೂಸು ಕಂಡಿತು. ಕೂಸು ಸುಂಯ್ ಎಂದು ಉಸಿರು ಬಿಡುತ್ತಿತ್ತು. ಇಷ್ಟು ಸಣ್ಣ ಕೂಸಿಗೆ ಎಷ್ಟು ದೊಡ್ಡ ಉಸಿರಪ್ಪಾ ಎಂದುಕೊಳ್ಳುವಷ್ಟರಲ್ಲಿ ಗದ್ದೆಪ್ಪ "ಏಯ್, ಹೋಯ್!" ಎಂದು ಕೂಗಿದ.

ಕಾಲುವೆಯ ಸೇತುವೆ ಮೇಲೆ ಎಮ್ಮೆಗಳು ದಾಟುತ್ತಿದ್ದವು. ಗದ್ದೆಪ್ಪ ಎರಡೂ ಕಾಲು ಊರಿ ಬ್ರೇಕ್ ತುಳಿದ. ಪೆಡಲ್ಲು ಕಲ್ಲಿನ ಹಾಗೆ ನಿಂತಿತು, ಕಾರು ಮಾತ್ರ ನಿಲ್ಲಲಿಲ್ಲ. ಕಡೆಯ ಎಮ್ಮೆಯ ಬಾಲಕ್ಕೆ ತಾಗಿದ ಮೇಲೆಯೇ ನಿಂತದ್ದು. ಎಮ್ಮೆ ಒಮ್ಮೆ ತಿರುಗಿ ನೋಡಿ, ಇವರಿಗೆ ಬುದ್ಧಿ ಇಲ್ಲ ಅಂದುಕೊಂಡಂತೆ ಮುಂದೆ ಹೋಯಿತು.

"ಯಾಕ ಅಂಜ್ತಿ? ಬ್ರೇಕ್ ಎಷ್ಟು ಗಟ್ಟಿ ಐತಿ ನೋಡು. ಮೆತ್ತಗಿದ್ರ ಅಂಜಬೇಕು," ಅಂದ ಗದ್ದೆಪ್ಪ. ನೇಗಿಲು, ನೊಗ, ಹಗ್ಗ, ಎಲ್ಲಕ್ಕೂ ಅವನದು ಅದೊಂದೇ ಮಾತು: ಗಟ್ಟಿ ಇದ್ದದ್ದೇ ಚಲೋದು. ಅಮರಮ್ಮ ಮಾತ್ರ ಮನೆ ಮುಟ್ಟುವ ತನಕ ಮತ್ತೆ ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ಅವಳು ನೆರೆಮನೆಯ ರಾಜಾಬೀಯನ್ನು ಕರೆದಳು. ರಾಜಾಬೀಯ ಗಂಡ ಗೌಸ್‌ಸಾಬ್‌ಗೆ ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜು. ಅವನು ಗಾಡಿಯ ಅಡಿಗೆ ಮಲಗಿ ಬ್ರೇಕ್ ಸರಿ ಮಾಡುವಾಗ, ಮೇಲೆ ಕುಳಿತು ಪೆಡಲ್ಲು ತುಳಿದು ಕೊಡುವವಳು ಇವಳೇ. ತುಳಿದು ತುಳಿದು, ಗಾಡಿಯ ಬೇನೆ ಇವಳ ಪಾದಕ್ಕೇ ತಿಳಿಯುತ್ತಿತ್ತು.

ರಾಜಾಬೀ ಚಪ್ಪಲಿ ಬಿಟ್ಟು ಸೀಟಿನಲ್ಲಿ ಕುಳಿತಳು. ಗೇರು ತೆಗೆದು ಹ್ಯಾಂಡ್‌ಬ್ರೇಕ್ ಎಳೆದಳು.

"ನೋಡಕ್ಕಾ, ಇಂಜಿನ್ ಬಂದ್ ಐತಿ. ಪೆಡಲ್ಲು ತುಳಿದು ಬಿಡ್ತೀನಿ, ತುಳಿದು ಬಿಡ್ತೀನಿ. ಗಟ್ಟಿ ಆತು. ಈಗ ಗಟ್ಟಿ ಆಗೋದು ಬರೋಬರಿ. ಕಾಲು ಹಂಗ ಒತ್ತಿ ಹಿಡಿದು ಚಾಲೂ ಮಾಡ್ತೀನಿ. ಎಲ್ಲಾ ಸರಿ ಇದ್ರ ಕಾಲು ತುಸು ಕೆಳಗ ಇಳೀಬೇಕು."

ಇಂಜಿನ್ ಗುರುಗುಟ್ಟಿತು. ಪಾದ ಕದಲಲಿಲ್ಲ. ಬಾನೆಟ್ಟಿನ ಒಳಗಿನಿಂದ ಸುಂಯ್ ಎಂಬ ಸದ್ದು ಬಂತು. ಅಮರಮ್ಮ ಬೆಚ್ಚಿದಳು. ಕನಸಿನ ಕೂಸಿನ ಉಸಿರು ಅದೇ!

ಬಾನೆಟ್ ಎತ್ತಿದರೆ, ಒಂದು ಕರಿ ಪೈಪಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ಕಾಲುವೆ ಸೀಮೆಯಲ್ಲಿ ಆ ಪಟ್ಟಿ ಸುತ್ತದ ವಸ್ತು ಯಾವುದಿದೆ ಹೇಳಿ.

"ಓ, ಇದಾ? ಬಣವ್ಯಾಗಿನ ಇಲಿ ಕಡಿದಿತ್ತು, ನಾನ ಸುತ್ತೀನಿ," ಅಂದ ಗದ್ದೆಪ್ಪ. "ಇದಕ್ಕೂ ಬ್ರೇಕಿಗೂ ಏನ್ ಸಂಬಂಧ? ಒಳಗ ಎಣ್ಣಿ ಇಲ್ಲ, ನೀರಿಲ್ಲ. ಖಾಲಿ ಪೈಪು."

"ಖಾಲಿ ಇರೋದ ಅದರ ಕೆಲಸ ಅಣ್ಣಾ," ರಾಜಾಬೀ ನಕ್ಕಳು. "ಇಂಜಿನ್ ಇದರಾಗಿಂದ ಗಾಳಿ ಎಳೀತೈತಿ. ಆ ಎಳೆತದ ಮ್ಯಾಲ ಈ ದುಂಡನ ಡಬ್ಬಿ, ಬೂಸ್ಟರ್ ಅಂತಾರ, ನಿನ್ನ ಕಾಲಿಗೆ ಬಲ ಕೊಡ್ತೈತಿ. ನಿನ್ನ ಪಂಪ್‌ಸೆಟ್ಟಿನ ಸಕ್ಷನ್ ಪೈಪಿಗೆ ತೂತು ಬಿದ್ರ ಏನಾಗ್ತೈತಿ?"

"ಗಾಳಿ ಕುಡೀತೈತಿ. ನೀರು ಎತ್ತಂಗಿಲ್ಲ."

"ಇಲ್ಲೂ ಅಷ್ಟ. ಡಬ್ಬಿ ಕೈ ಬಿಟ್ಟೈತಿ, ಭಾರ ಎಲ್ಲಾ ನಿನ್ನ ಕಾಲಿಗೆ ಬಿದ್ದೈತಿ."

ಗದ್ದೆಪ್ಪ ತಲೆ ಕೆರೆದುಕೊಂಡ. "ಆತು, ಬಂದ ಮ್ಯಾಲ ಮಾಡ್ಸೋಣು. ಬೀಗರು ದಾರಿ ಕಾಯಾಕತ್ತಾರ. ಮೆಲ್ಲಕ ಹೊಡೀತೀನಿ."

"ನಿನ್ನೆ ಎಮ್ಮಿ ಪುಣ್ಯ, ಉಳೀತು," ಅಂದಳು ಅಮರಮ್ಮ. "ನನ್ನ ಮಗಳು ಎರಡು ಜೀವದಾಕಿ. ಆಕಿಗೆ ಏನರ ಆದ್ರ ನಾ ಯಾರ್ನ ಕೇಳ್ಲಿ? ಬಸ್ಸಿಗೆ ಕರ್ಕೊಂಡ ಬರ್ತೀನಿ. ಈ ಗಾಡಿ ಹತ್ತಂಗಿಲ್ಲ."

ಗದ್ದೆಪ್ಪನಿಗೆ ಸಿಟ್ಟು ಬಂತು. ಅಂಥದ್ದೇನಿದೆ ಇದರಲ್ಲಿ, ತೋರಿಸಿಯೇ ಬಿಡುತ್ತೇನೆ ಎಂದು ಪಟ್ಟಿ ಬಿಚ್ಚಿ, ಇಲಿ ಕಡಿದ ತೂತಿನ ಮೇಲೆ ಬೆರಳಿಟ್ಟ. ಇಂಜಿನ್ ಇನ್ನೂ ಚಾಲೂ ಇತ್ತು, ತೂತು ಬೆರಳನ್ನು ಎಳೆದು ಹಿಡಿಯಿತು. ಅವನು ಬೆರಳು ಕಿತ್ತುಕೊಂಡು ಹೆಂಡತಿಯ ಮುಖ ನೋಡಿದ. ಆಮೇಲೆ ಗೌಸ್‌ಸಾಬ್‌ನನ್ನು ಕರೆಯಲು ಹೋದ.

ಗೌಸ್‌ಸಾಬ್ ಸಿಂಧನೂರಿನಿಂದ ಅದಕ್ಕೆಂದೇ ಇರುವ ದಪ್ಪ ಪೈಪು ತಂದ. "ನೀರಿನ ಪೈಪು ಹಾಕಬ್ಯಾಡ್ರಿ, ಎಳೆತಕ್ಕ ಚಪ್ಪಟಿ ಆಗ್ತೈತಿ," ಎನ್ನುತ್ತ ಎರಡೂ ತುದಿಗೆ ಕ್ಲಿಪ್ಪು ಬಿಗಿದ. ರಾಜಾಬೀ ಮತ್ತೆ ತುಳಿದಳು, ಹಿಡಿದಳು, ಚಾಲೂ ಮಾಡಿದಳು. ಸುಂಯ್ ಸದ್ದಿಲ್ಲ. ನಾಟಿ ಗದ್ದೆಯ ಕೆಸರಿಗೆ ಕಾಲಿಟ್ಟಂತೆ ಪಾದ ಮೆತ್ತಗೆ ತುಸು ಇಳಿಯಿತು.

ಕುಬುಸ ಒಂದು ದಿನ ತಡವಾಯಿತು, ಬೀಗರೇನೂ ಮುನಿಯಲಿಲ್ಲ. ಮಗಳನ್ನು ಕರೆದುಕೊಂಡು ಮರಳುವಾಗ ಇಳಿಹೊತ್ತು. ಕಾಲುವೆ ನೀರು ಜೊತೆಗೇ ಬರುತ್ತಿತ್ತು. ಯಮನೂರಮ್ಮ ತಾಯಿಯ ಹೆಗಲಿಗೆ ತಲೆ ಇಟ್ಟು ಮಲಗಿದ್ದಳು. ಅದೇ ಸೇತುವೆ, ಅದೇ ಎಮ್ಮೆಗಳು. ಗದ್ದೆಪ್ಪ ಒಂದೇ ಕಾಲಿನಲ್ಲಿ ಹಗುರವಾಗಿ ಒತ್ತಿದ. ಕಾರು ದೂರದಲ್ಲೇ ನಿಂತಿತು. ಮಗಳಿಗೆ ಎಚ್ಚರವಾಗಲಿಲ್ಲ, ಅವಳ ಕೈಯ ಹಸಿರು ಬಳೆ ಕೂಡ ಸದ್ದು ಮಾಡಲಿಲ್ಲ. ಅಮರಮ್ಮ ಅವಳ ಹೊಟ್ಟೆಯ ಮೇಲೆ ಕೈ ಇಟ್ಟಳು. ಒಳಗೆ ಕೂಸು ಮೆಲ್ಲಗೆ ಒದ್ದಿತು. ಅವಳಿಗೆ ಅಳು ಬಂತು, ನಗುವೂ ಬಂತು.

ಅಕ್ಕಂದಿರೇ, ಅಣ್ಣಂದಿರೇ, ಬ್ರೇಕ್ ಪೆಡಲ್ಲು ಇದ್ದಕ್ಕಿದ್ದಂತೆ ಗಟ್ಟಿಯಾದರೆ ಅದು ಬಲವಲ್ಲ, ರೋಗ. ರಾಜಾಬೀ ಮಾಡಿದ ಹಾಗೆ ನೀವೂ ಮಾಡಿ ನೋಡಿ. ಇಂಜಿನ್ ಚಾಲೂ ಆದಾಗ ಕಾಲು ಇಳಿಯದಿದ್ದರೆ ಗಾಡಿ ಓಡಿಸಬೇಡಿ, ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಿ. ಪೈಪಿಗೆ ಪಟ್ಟಿ ಸುತ್ತಬೇಡಿ, ಹೊಸದು ಹಾಕಿಸಿ. ಪೆಟ್ರೋಲ್ ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಲೂಬೇಡಿ, ಆಗಲೂ ಪೆಡಲ್ಲು ಹೀಗೆಯೇ ಕಲ್ಲಾಗುತ್ತದೆ. ನಿಮ್ಮ ಮಗ್ಗುಲಲ್ಲಿ ಯಾರೋ ನಿಮ್ಮನ್ನು ನಂಬಿ ಕಣ್ಣು ಮುಚ್ಚಿ ಕುಳಿತಿರುತ್ತಾರೆ. ಹೊರಡುವ ಮುನ್ನ ಒಮ್ಮೆ ತುಳಿದು ನೋಡಿ.