ಅಂಟಿಸಿಟ್ಟ ಕೊನೆಯ ಹಾಳೆ

ಮುದ್ರಣಾಲಯದಲ್ಲಿ ಅವಳು ಕರಡನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತ ತಿದ್ದುತ್ತಿದ್ದಳು. ಅಲ್ಲಿನ ರೂಢಿಯೇ ಹಾಗೆ. ಕಥೆಯ ಗುಂಗು ಹಿಡಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲವಲ್ಲ. ಹೀಗೆ ಓದಿ ಓದಿ ಅವಳಿಗೆ ನೆಟ್ಟಗೆ ಓದುವುದೇ ಮರೆತುಹೋಗಿತ್ತು. ಅಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದವಳು, ಊಟದ ತಟ್ಟೆಯ ಪಕ್ಕದಲ್ಲೂ ಕಾದಂಬರಿ ಇಟ್ಟುಕೊಳ್ಳುತ್ತಿದ್ದವಳು, ಈಗ ಒಂದು ಪುಟ ದಾಟುವಷ್ಟರಲ್ಲಿ ಆಕಳಿಸುತ್ತಿದ್ದಳು. ಅಜ್ಜಿ ಬಿಟ್ಟುಹೋದ ಆಸ್ತಿ ಓದಿನ ಆ ಹುಚ್ಚೊಂದೇ. ಅದೂ ಕೈಜಾರುತ್ತಿದೆಯಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದಳು.

“ತವರಿಗೆ ಹೋಗಿ ಬಾ ತಂಗಿ,” ಎಂದ, ಅವಳ ಗೋಳು ಕೇಳಿದ ಪಕ್ಕದ ಮೇಜಿನ ಕನ್ನಡಕದಣ್ಣ. “ಅಂದ್ರೆ, ಚಿಕ್ಕೋಳಿದ್ದಾಗ ಮೆಚ್ಚಿದ ಕಾದಂಬರೀನೇ ಮತ್ತೆ ಹಿಡಿ. ಜ್ವರದ ಬಾಯಿಗೆ ಹಳೇ ರುಚಿನೇ ಹಿಡಿಸೋದು.”

ಅಜ್ಜಿ ಓದಿ ಹೇಳುತ್ತಿದ್ದ ಕಾದಂಬರಿಯನ್ನೇ ಅವಳು ಕಪಾಟಿನಿಂದ ತೆಗೆದಳು. ಮನೆ ಬಿಟ್ಟುಹೋದ ಮಗಳು ಹಿಂದಿರುಗಿ ಬಾಗಿಲು ಬಡಿಯುತ್ತಾಳೆ. ತಾಯಿ ತೆರೆದು, ಒದ್ದೆ ತಲೆ ಒರೆಸಿ, ಊಟ ಬಡಿಸುತ್ತಾಳೆ. ಆ ಕೊನೆಯನ್ನು ಅಜ್ಜಿ ಪುಸ್ತಕ ಮುಚ್ಚಿಟ್ಟೇ ಹೇಳುತ್ತಿದ್ದಳು.

ಮೊದಲ ಸಾಲಿನಿಂದಲೇ ಶುರುಮಾಡಿದಳು. ಅಜ್ಜಿಯ ದನಿ ಕಿವಿಯಲ್ಲಿ ಎದ್ದು ಕೂತಿತು. ಪುಟಗಳು ಸರಸರ ಓಡಿದವು. ಮಗಳು ಬಾಗಿಲು ಬಡಿದಳು. ಪುಟ ತಿರುವಿದರೆ ಬರೀ ಖಾಲಿ. ದಿನವಿಡೀ ಕಾಗದ ಮುಟ್ಟುವ ಬೆರಳಿಗೆ ಆ ಹಾಳೆ ದಪ್ಪವೆನಿಸಿತು. ಎರಡು ಹಾಳೆಗಳನ್ನು ಅಂಚಿಗೆಲ್ಲ ಅಂಟು ಬಳಿದು ಒಂದು ಮಾಡಲಾಗಿತ್ತು.

ಒಲೆಯ ಮೇಲೆ ನೀರು ಕುದಿಸಿ, ಹಬೆಗೆ ಅಂಚು ಹಿಡಿದಳು.

“ಬಿಡೇ ಅದನ್ನ,” ಎಂದಳು ಅಮ್ಮ, ಬಾಗಿಲಲ್ಲೇ ನಿಂತು. “ಅಂಟಿಸಿದ್ದು ನಿಮ್ಮಜ್ಜಿ.”

“ನಾನು ಅಳ್ತೀನಿ ಅಂತಾನಾ?”

“ಓಹೋ, ಲೋಕದಲ್ಲಿ ನಡೆಯೋದೆಲ್ಲ ನಿನಗೋಸ್ಕರಾನೇ.”

ಹಾಳೆ ಬಿಟ್ಟುಕೊಂಡಿತು. ಅಚ್ಚಾದ ಕಥೆಯಲ್ಲಿ ತಾಯಿ ಬಾಗಿಲು ತೆರೆದಿರಲಿಲ್ಲ. ಮಗಳ ದನಿ ಗುರುತು ಹಿಡಿದು, ದೀಪ ಆರಿಸಿ ಕೂತಿದ್ದಳು.

“ನಿನ್ನ ಚಿಕ್ಕಮ್ಮ ಬಂದು ಬಡಿದಾಗ ನಿಮ್ಮಜ್ಜೀನೂ ಹಾಗೇ ಮಾಡಿದ್ಲು,” ಎಂದಳು ಅಮ್ಮ. “ಆಮೇಲೆ ಆ ಪುಟ ಅವಳ ಕೈಲಿ ನೋಡೋಕಾಗ್ಲಿಲ್ಲ.”

ಚಿಕ್ಕಮ್ಮ ದೂರದಲ್ಲಿದ್ದಾಳೆ, ಬರಲು ಪುರುಸೊತ್ತಿಲ್ಲ ಎಂದಷ್ಟೇ ಅವಳು ಇಷ್ಟು ವರ್ಷ ಕೇಳಿದ್ದು.

“ಆಗ ನೀನೆಲ್ಲಿದ್ದೆ?”

ಅಮ್ಮ ಒಲೆ ಆರಿಸಿದಳು. “ಒಳಗೇ.”

ಮಾರನೆಯ ದಿನ ಕನ್ನಡಕದಣ್ಣ ಅವಳ ಕರಡನ್ನು ವಾಪಸು ತಂದಿಟ್ಟ. “ಏನ್ ತಂಗಿ, ಕಣ್ಣು ಮನೇಲಿಟ್ಟು ಬಂದಿದ್ಯಾ? ತಪ್ಪುಗಳು ಹಾಗ್ಹಾಗೇ ಇವೆ.”

“ಮೇಲಿಂದ ಓದ್ಬಿಟ್ಟೆ ಅಣ್ಣ.”

“ಅಂತೂ ತವರು ಕೈಬಿಡಲಿಲ್ಲ ಅನ್ನು.”

ಅವಳು ಮುಂದಿನ ಪುಟ ಎಳೆದುಕೊಂಡಳು. ಕಥೆಯಲ್ಲಿ ಯಾರೋ ಬಾಗಿಲು ಬಡಿಯುತ್ತಿದ್ದರು. ಪೆನ್ಸಿಲ್ ಕೆಳಗಿಟ್ಟು, ಬಾಗಿಲು ತೆರೆಯುತ್ತದೋ ಇಲ್ಲವೋ ಎಂದು ಓದತೊಡಗಿದಳು. ಒಳಗಿರುವವರನ್ನು ಇನ್ನು ಅವಳು ನಂಬುವಂತಿರಲಿಲ್ಲ.