ಬಿಳಿ ಬಾಟಲಿಗಾಗಿ ಆರು ಅಂಗಡಿ

ಅಪ್ಪನ ಹೊಟ್ಟೆ ಕಲ್ಲಾಗಿ ಆರು ದಿನವಾಗಿತ್ತು. ಹರ್ನಿಯಾ ಆಪರೇಷನ್ ಆಗಿದ್ದೂ ಆರು ದಿನದ ಹಿಂದೆಯೇ. ಆಸ್ಪತ್ರೆಯವರು ಕೊಟ್ಟ ಮಾತ್ರೆ ನೋವನ್ನು ಅರ್ಧ ನಿಲ್ಲಿಸಿತ್ತು, ಹೊಟ್ಟೆಯನ್ನು ಪೂರ್ತಿ ನಿಲ್ಲಿಸಿತ್ತು. ತಿಣುಕಬೇಡಿ, ತಿಣುಕಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ ಎಂದು ಸರ್ಜನ್ ಹೇಳಿ ಕಳಿಸಿದ್ದರು. ತಿಣುಕದೆ ಆಗುವ ಉಪಾಯ ಮಾತ್ರ ಯಾವ ಅಂಗಡಿಯಲ್ಲೂ ಇರಲಿಲ್ಲ.

ಬೆಳಿಗ್ಗೆ ಮಗಳು ವಾರ್ಡಿಗೆ ಫೋನ್ ಮಾಡಿದಾಗ ನರ್ಸ್ ಖಡಾಖಂಡಿತವಾಗಿ ಹೇಳಿದ್ದಳು. "ಬಿಳಿ ಸಿರಪ್ಪನ್ನೇ ಕೊಡಿ, ಐದಾರು ಗಂಟೇಲಿ ಆಗುತ್ತೆ. ಜೋರಿನ ಮಾತ್ರೆ ಬೇಡವೇ ಬೇಡ, ಹೊಟ್ಟೆ ಹಿಂಡುತ್ತೆ, ಹೊಲಿಗೆಗೆ ಆಗಲ್ಲ. ರಾತ್ರಿಯೊಳಗೆ ಆಗ್ಲಿಲ್ಲಾಂದ್ರೆ ಕರ್ಕೊಂಡು ಬನ್ನಿ, ಅಡ್ಮಿಟ್ ಮಾಡ್ಕೊಂಡು ಕೆಳಗಿಂದ ಟ್ಯೂಬ್ ಹಾಕ್ತೀವಿ."

ಫೋನಿನ ಸ್ಪೀಕರಿನಲ್ಲಿ ಟ್ಯೂಬ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ.

"ನೀನು ವರ್ಷಾನುಗಟ್ಟಲೆ ಕುಡೀತಿದ್ದದ್ದು ಅದೇ ಸಿರಪ್ ಅಲ್ವಾ ಅಪ್ಪ? ಮನೇಲಿ ಇಲ್ವಾ?"

"ಇಲ್ಲ. ಮುಗಿದಿದೆ," ಎಂದ ಗೋಡೆಗೆ.

ಅಪ್ಪ ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಸ್ಟೋರ್ ಕೀಪರ್ ಆಗಿದ್ದವನು. ಬ್ರೇಕ್ ಲೈನಿಂಗಿನಿಂದ ಹಿಡಿದು ಬಲ್ಬಿನವರೆಗೆ ಎಲ್ಲವೂ ಅವನ ಕಿಟಕಿಯಿಂದಲೇ ಹೊರಗೆ ಹೋಗಬೇಕಿತ್ತು. ನಿವೃತ್ತನಾದ ಮೇಲೂ ಮನೆಯ ಸಾಮಾನಿಗೆಲ್ಲ ಚೀಟಿ ಅಂಟಿಸಿ, ಬೀರುವಿನ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದ. ಅಮ್ಮ ಹೋದ ಮೇಲೆ ಮನೆಯಲ್ಲಿ ಇರುವುದು ಇಬ್ಬರೇ. ಆದರೂ ಮಗಳು ಒಂದು ಬಕೆಟ್ ಜಾಗ ಬದಲಾಯಿಸಿದರೆ, "ನಾನಿನ್ನೂ ಕಣ್ಣು ಮುಚ್ಚಿಲ್ಲ ಕಣೇ" ಎನ್ನುವ ಮಾತು ತಪ್ಪಿದ್ದಲ್ಲ. ಆಪರೇಷನ್ನಿಗೆ ಮುಂಚೆ ಒಪ್ಪಿಗೆ ಪತ್ರಕ್ಕೆ ಹತ್ತಿರದವರ ಸಹಿ ಕೇಳಿದಾಗಲೂ ಅವಳ ಕೈಯಿಂದ ಪೆನ್ನು ಕಿತ್ತುಕೊಂಡು, "ಹೊಟ್ಟೆ ನಂದು, ಸಹಿನೂ ನಂದೇ," ಎಂದಿದ್ದ.

ಮಗಳಿಗೆ ನಲವತ್ತೆರಡು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಕೆಲಸ. ಎಡಗಡೆ ಸೀಟಿನಲ್ಲಿ ಕೂತು, ಕಾಲ ಬುಡದ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು, ಜಗತ್ತಿನ ಅವಸರಗಳನ್ನೆಲ್ಲ ತಡೆಯುವವಳು. ರಜೆ ಕೇಳಿದ್ದಕ್ಕೆ ಮಾಲೀಕರು ಜಪ್ಪಯ್ಯ ಎಂದರೂ ಕೊಡಲಿಲ್ಲ. ಸರಿ, ಪಾಠವೂ ಆಗಲಿ, ಸಿರಪ್ಪೂ ಸಿಗಲಿ ಎಂದು ಅವತ್ತಿನ ದಾರಿಯನ್ನೇ ಮೆಡಿಕಲ್ ಸ್ಟೋರುಗಳ ಮೇಲೆ ಹಾಯುವಂತೆ ಮಾಡಿಕೊಂಡಳು.

ಕಲಿಯಲು ಬಂದಿದ್ದಾಕೆ ಬೇಕರಿಯವರ ಹೆಂಡತಿ. ಐವತ್ತು ದಾಟಿದ ಹೆಂಗಸು. ಸ್ಟೇರಿಂಗನ್ನು ಬಿದ್ದುಹೋಗುತ್ತದೆಯೇನೋ ಎಂಬಂತೆ ತಬ್ಬಿಕೊಂಡಿದ್ದರು.

"ಆ ಹಸಿರು ಬೋರ್ಡಿನ ಮುಂದೆ ನಿಲ್ಸಿ. ಇಂಡಿಕೇಟರ್ ಹಾಕಿ. ಅದಲ್ಲ, ಅದು ವೈಪರ್."

ಮೊದಲನೇ ಅಂಗಡಿಯವನು ತಲೆಯೆತ್ತದೆಯೇ ಇಲ್ಲ ಎಂದ. ಎರಡನೆಯವನಿಗೆ ಬಾಯಿ ದೊಡ್ಡದು. "ಮಲಬದ್ಧತೆಗಾ?" ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೇಳಿ, "ನಿಮಗಾ?" ಎಂದು ಸೇರಿಸಿದ. ಹಿಂದಿದ್ದ ಕಾಲೇಜು ಹುಡುಗಿಯರು ಫೋನಿನೊಳಗೆ ಮುಖ ಹುದುಗಿಸಿ ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಯಾರಿಗಾದ್ರೇನು? ಇದೆಯೋ ಇಲ್ವೋ ಹೇಳಿ."

"ಇದ್ದಿದ್ರೆ ಕೊಡ್ತಿರ್ಲಿಲ್ವಾ? ಫ್ಯಾಕ್ಟರಿ ನಿಂತಿದೆ ಅಂತ ಯಾವನೋ ಮೆಸೇಜ್ ಬಿಟ್ಟ. ಒಬ್ಬೊಬ್ರೂ ನಾಲ್ಕು ನಾಲ್ಕು ಎತ್ಕೊಂಡು ಹೋದ್ರು. ಪುಡಿನೂ ಇಲ್ಲ, ಸಿರಪ್ಪೂ ಇಲ್ಲ. ಜೋರಿನ ಮಾತ್ರೆ ಇದೆ, ಕೊಡ್ಲಾ?"

ಮೂರನೇ ಅಂಗಡಿ ಊಟಕ್ಕೆ ಮುಚ್ಚಿತ್ತು. ನಾಲ್ಕನೆಯದರಲ್ಲಿ ಬಿಳಿ ಬಾಟಲಿ ಕಣ್ಣಿಗೇ ಬಿತ್ತು. ಕೈಗೆ ತೆಗೆದುಕೊಂಡರೆ ಕೆಮ್ಮಿನ ಔಷಧಿ. ಐದನೆಯವನು ನಾಳೆ ಬರಬಹುದು ಎಂದ, ನಿನ್ನೆ ಬಂದವರಿಗೂ ಹಾಗೇ ಹೇಳಿದ್ದೆ ಎಂದೂ ತಾನೇ ಒಪ್ಪಿಕೊಂಡ.

ಸಾಲದ್ದಕ್ಕೆ ಪುಗಸಟ್ಟೆ ಸಲಹೆಗಳು. ಬಿಸಿನೀರು ಕುಡಿಸಿ. ಬೆಳಿಗ್ಗೆ ಎದ್ದು ನಡೆಸಿ. ಹಣ್ಣು ಕೊಡಿ. ಮನಸ್ಸು ಹಗುರ ಇಟ್ಕೊಳ್ಳೋಕೆ ಹೇಳಿ. ಇದನ್ನೆಲ್ಲ ಮಾಡಿ ಮುಗಿಸಿ ಮೂರು ದಿನವಾಗಿತ್ತು, ಹಣ್ಣಿನ ಬುಟ್ಟಿ ಎರಡು ಸಲ ಖಾಲಿಯಾಗಿತ್ತು. ಮನಸ್ಸು ಹಗುರ ಇಟ್ಟುಕೊಳ್ಳಲು ಹೇಳಿದವರ ಹೊಟ್ಟೆ ಹಗುರವಾಗಿಯೇ ಇತ್ತಲ್ಲ, ಅವರಿಗೇನು.

ಆರನೇ ಅಂಗಡಿಯ ಮುಂದೆ ಬೇಕರಿಯಾಕೆ ಒಂದೇ ಸಲಕ್ಕೆ ಕಾರನ್ನು ರಸ್ತೆಯಂಚಿಗೆ ಒತ್ತಿ ನಿಲ್ಲಿಸಿದರು. ಮೂರು ವಾರದಿಂದ ಬಾರದಿದ್ದದ್ದು ಅವತ್ತು ಬಂದಿತ್ತು. "ಮೇಡಂ, ಬಂತು," ಎಂದು ಮುಖ ಅರಳಿಸಿದರು. ಅವಳು ಅಂಗಡಿಯಿಂದ ಬರಿಗೈಯಲ್ಲಿ ಬಂದು ಧೊಪ್ಪನೆ ಕೂತಳು.

"ನನ್ನ ನಾದಿನಿ ಮನೇಲಿ ಕೇಳಿ ನೋಡ್ತೀನಿ ಮೇಡಂ. ಅವಳು ಎಲ್ಲಾ ಎರಡೆರಡು ಇಟ್ಕೋತಾಳೆ," ಎಂದರು ಬೇಕರಿಯಾಕೆ.

"ಅಂಥವರಿಂದಲೇ ನೋಡಿ ಅಂಗಡಿ ಖಾಲಿಯಾಗಿರೋದು," ಎಂದು ಬಾಯಿ ತಪ್ಪಿ ಅಂದೇಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಬೇಕರಿಯಾಕೆ ಕನ್ನಡಿ ಸರಿಮಾಡಿಕೊಂಡರು.

ಮೂರು ಗಂಟೆಗೆ ಮನೆಗೆ ಬಂದರೆ ಅಪ್ಪ ಬಚ್ಚಲ ಬಾಗಿಲ ಹಿಡಿ ಹಿಡಿದು ನಿಂತಿದ್ದ. ಹಣೆಯ ಮೇಲೆ ಬೆವರು.

"ತಿಣುಕಿದ್ಯಾ?"

"ಇಲ್ಲ," ಎಂದ, ಕದ್ದು ಸಿಕ್ಕಿಬಿದ್ದವನ ದನಿಯಲ್ಲಿ.

ಹೊಲಿಗೆಯ ಪಟ್ಟಿ ಎತ್ತಿ ನೋಡಿದಳು. ಒಂದು ಮೂಲೆಯಲ್ಲಿ ಸಾಸಿವೆಯಷ್ಟು ರಕ್ತ ಒಸರಿತ್ತು. ಇನ್ನು ರಾತ್ರಿಯವರೆಗೆ ಕಾಯುವ ಮಾತೇ ಇಲ್ಲ, ಆಸ್ಪತ್ರೆಗೆ ಹೊರಡುವುದೇ.

"ಬೀಗದ ಕೈ ಕೊಡು. ನಿನ್ನ ಫೈಲ್ ಬೇಕು."

"ನಾನೇ ತೆಗೀತೀನಿ."

"ಬಗ್ಗೋಕಾಗುತ್ತಾ ನಿಂಗೆ? ಕೊಡು ಅಪ್ಪ."

ಕೊಟ್ಟ. ಬೀರುವಿನ ಕೆಳಗಿನ ಗೂಡಿನಲ್ಲಿ ಫೈಲುಗಳು ವರ್ಷದ ಪ್ರಕಾರ ನಿಂತಿದ್ದವು. ಅವುಗಳ ಹಿಂದೆ ಒಂದು ಬಲ್ಬು, ಒಂದು ಸೋಪು, ಒಂದು ಬೆಂಕಿಪೊಟ್ಟಣ. ಅದರ ಪಕ್ಕದಲ್ಲಿ ಸೀಲೂ ಒಡೆಯದ ಬಿಳಿ ಬಾಟಲಿ. ಕೊರಳಿಗೆ ದಾರದಲ್ಲಿ ಕಟ್ಟಿದ ಚೀಟಿಯಲ್ಲಿ ಅಪ್ಪನ ದುಂಡು ಅಕ್ಷರ: ಕೊನೆಯದು. ಕೊಡಕೂಡದು.

ಅವಳು ಅದನ್ನು ಹಿಡಿದು ಅವನ ಮುಂದೆ ನಿಂತಳು.

"ಮುಗಿದಿದೆ ಅಂದ್ಯಲ್ಲ."

"ಮುಗಿದಿದೆ. ಅದು ಸ್ಟಾಕಲ್ಲ, ಕೊನೇದು. ಕೊನೇದನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಹೊಸದು ಬಂದಾಗ ಹಳೇದನ್ನ ಬಳಸಿ, ಹೊಸದನ್ನ ಅಲ್ಲಿಡೋದು. ಯಾವಾಗ್ಲೂ ಒಂದು ಇರಬೇಕು."

"ಯಾರಿಗೆ?"

"ನಿಜವಾಗಿ ಬೇಕಾದವರು ಬಂದ್ರೆ."

"ಆರು ದಿನ ಅಪ್ಪ. ಆರು ಅಂಗಡಿ. ಊರೆಲ್ಲಾ ನನಗೇ ಮಲಬದ್ಧತೆ ಅಂದ್ಕೊಂಡಿದೆ. ನಿನಗೆ ರಕ್ತ ಬಂದಿದೆ. ಇನ್ನು ಯಾರು ಬರಬೇಕಿತ್ತು?" ಸಿಟ್ಟು ನೆತ್ತಿಗೇರಿತ್ತು. ಆ ಸಿಟ್ಟಿನಲ್ಲೂ ಅಳು ಬರುತ್ತಿರುವುದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅಪ್ಪ ಮಂಚದ ಅಂಚಿನಲ್ಲಿ ಮೆಲ್ಲಗೆ ಕೂತ.

"ನಾನು ಕಿಟಕಿ ಒಳಗೆ ಕೂತವನು ಪುಟ್ಟಿ. ಹೊರಗೆ ನಿಂತು ಕೇಳಿ ಅಭ್ಯಾಸ ಇಲ್ಲ," ಎಂದ. ಹೊಲಿಗೆಯ ಪಟ್ಟಿಯ ಮೇಲೆ ಅಂಗೈ ಇಟ್ಟುಕೊಂಡು, "ನಂಗೇ ಬೇಕಾಗುತ್ತೆ ಅಂತ ಯಾವತ್ತೂ ಅನ್ನಿಸ್ಲಿಲ್ಲ," ಎಂದ.

ಅವಳು ಮುಚ್ಚಳಕ್ಕೆ ಕೈ ಹಾಕಿದಳು. ಅಪ್ಪ ಅವಳ ಮಣಿಕಟ್ಟು ಹಿಡಿದ. ಹಿಡಿತದಲ್ಲಿ ಬಲವಿರಲಿಲ್ಲ, ಆದರೂ ಬಿಡಲಿಲ್ಲ.

"ಹಾಗೆ ಕೊಡೋ ಹಾಗಿಲ್ಲ. ಕೊನೇದಕ್ಕೆ ಮೇಲಧಿಕಾರಿ ಸಹಿ ಬೇಕು."

ಇದು ಮನೆ, ನಿನ್ನ ಡಿಪೋ ಅಲ್ಲ ಎಂದು ಮೂವತ್ತು ವರ್ಷದಿಂದ ಒಳಗೇ ಅದುಮಿಟ್ಟಿದ್ದ ಮಾತು ಅವಳ ನಾಲಿಗೆ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ಅಪ್ಪ ದಿಂಬಿನ ಕೆಳಗೆ ಕೈಯಾಡಿಸಿ ಪೆನ್ನು ತೆಗೆದ. ಆಸ್ಪತ್ರೆಯಲ್ಲಿ ಅವಳಿಂದ ಕಿತ್ತುಕೊಂಡಿದ್ದ ಅದೇ ಪೆನ್ನು. ಚೀಟಿಯನ್ನು ಬಿಚ್ಚಿ, ಮಗುಚಿ, ತನ್ನ ತೊಡೆಯ ಮೇಲೆ ಸಪಾಟಾಗಿ ಇಟ್ಟು ಪೆನ್ನನ್ನು ಅವಳತ್ತ ಚಾಚಿದ.

"ನಾನಾ?" ಎಂದಳು.

"ಮತ್ತೆ ಯಾರಿದ್ದಾರೆ ಮನೇಲಿ?"

ಅವಳು ಸಹಿ ಹಾಕಿದಳು. ಸಿಟ್ಟು ಇಳಿದಿರಲಿಲ್ಲ, ಪೆನ್ನು ಒತ್ತಿದ ರಭಸಕ್ಕೆ ಕಾಗದ ಒಂದು ಕಡೆ ಹರಿಯಿತು. ಅಪ್ಪ ಸಹಿಯನ್ನು ಕನ್ನಡಕ ಏರಿಸಿ ನೋಡಿ, ತಾರೀಖು ಹಾಕಿಲ್ಲ ಎಂದ. ತಾರೀಖೂ ಹಾಕಿದಳು. ಅಳತೆ ಮುಚ್ಚಳದಲ್ಲಿ ಎರಡು ಸಲ ಹುಯ್ದು ಕೊಟ್ಟಳು. ಅವನು ಕುಡಿದ. ನರ್ಸಿಗೆ ಫೋನ್ ಮಾಡಿದಾಗ, ಸಿರಪ್ ಕೊಟ್ಟಾಗಿದ್ದರೆ ಎಂಟರವರೆಗೆ ನೋಡಿ, ರಕ್ತ ಹೆಚ್ಚಾದರೆ ಮಾತ್ರ ತಕ್ಷಣ ಬನ್ನಿ ಎಂದಳು.

ಏಳೂವರೆಗೆ ಬಚ್ಚಲಲ್ಲಿ ನೀರು ಸುರಿದ ಸದ್ದಾಯಿತು. ಅಪ್ಪ ಗೋಡೆ ಹಿಡಿದು ಹೊರಗೆ ಬಂದ. ಮುಖದಲ್ಲಿ ಆರು ದಿನದ ಗಂಟು ಸಡಿಲವಾಗಿತ್ತು. ಹೊಲಿಗೆ ಹಾಗೇ ಇತ್ತು, ಸಾಸಿವೆ ಸಾಸಿವೆಯಾಗಿಯೇ ಉಳಿದಿತ್ತು. ಅವಳು ಕಟ್ಟಿಟ್ಟಿದ್ದ ಆಸ್ಪತ್ರೆಯ ಚೀಲವನ್ನು ಬಿಚ್ಚತೊಡಗಿದಳು.

ಆಗಲೇ ಬೇಕರಿಯಾಕೆಯ ಫೋನ್ ಬಂತು. ನಾದಿನಿಯ ಮನೆಯಲ್ಲಿ ಒಂದು ಬಾಟಲಿ ಇದೆಯಂತೆ. ಈಗ ಬೇಡವಾದರೆ ಬೇರೆ ಯಾರಿಗಾದರೂ ಕೊಡಲೇ ಎಂದು ಕೇಳಿದರು.

ಬೇಡ ಎನ್ನಬೇಕೆಂದೇ ಅವಳು ಬಾಯಿ ತೆರೆದಳು. ಎದುರಿಗೆ ಅಪ್ಪ ಮಂಚದ ಮೇಲೆ ಕೂತು, ಬೀರುವಿನಲ್ಲೇ ಉಳಿದಿದ್ದ ಬೀಗದ ಕೈ ತೆಗೆದು ತಂದು, ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ಅವಳಿಗೆಂದು ಅಂಗೈಯಲ್ಲಿ ಹಿಡಿದು ಕಾಯುತ್ತಿದ್ದ.

"ಇಟ್ಟಿರಿ," ಎಂದಳು. "ನಾಳೆ ಬಂದು ತಗೋತೀನಿ. ನಿಮ್ಮ ನಾದಿನಿ ಬಗ್ಗೆ ಹಾಗಂದಿದ್ದಕ್ಕೆ ತಪ್ಪು ತಿಳ್ಕೋಬೇಡಿ."