ದುರ್ಗಪ್ಪನ ಪೈಪೂ ಹನುಮಕ್ಕನ ಕೈಯೂ

ಕುಮಟೆಯ ಕಚೇರಿಯೊಂದರಲ್ಲಿ ಪಟ್ಟೇವಾಲನಾಗಿದ್ದ ಕಾಗಾಲದ ದುರ್ಗಪ್ಪನಿಗೆ ಸಂಬಳಕ್ಕಿಂತ ಮೀಸೆ ದೊಡ್ಡದಿತ್ತು. ಸಾಹೇಬರ ಬಾಗಿಲಲ್ಲಿ ಅದನ್ನು ತಿರುವಿಕೊಂಡು ನಿಂತರೆ, ಅರ್ಜಿ ಹಿಡಿದು ಬಂದವರು ಮೊದಲು ಅವನಿಗೇ ಕೈಮುಗಿಯುತ್ತಿದ್ದರು. ಅಂಥ ಮೀಸೆಯನ್ನು ಅವನು ಒಂದು ಬಚ್ಚಲ ಪೈಪಿನ ಮೇಲೆ ಪಣ ಇಟ್ಟಿದ್ದ.

ಪೈಪು ಪ್ಲಾಸ್ಟಿಕ್ಕಿನದು. ಅರವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಅವನ ಹೆಂಡತಿ ಸರೋಜಾಳ ತಮ್ಮ ರಮಾನಂದ ಮುಂಬಯಿಯಿಂದ ಲಾರಿಯಲ್ಲಿ ಹಾಕಿ ಕಳಿಸಿದ್ದ. ಊರಿನ ಜನ ಬಂದು ಅದನ್ನು ಬೆರಳಿನಿಂದ ಬಾರಿಸಿದರು, ಮೂಸಿದರು, ಒಂದು ತುದಿಯಲ್ಲಿ ಕೂಗಿ ಇನ್ನೊಂದು ತುದಿಯಲ್ಲಿ ಕೇಳಿದರು. ನೆರೆಮನೆಯ ಬೊಮ್ಮಯ್ಯ ಮಾತ್ರ ಮುಟ್ಟಲಿಲ್ಲ.

"ನೀರು ಹೋಗೂಕೆ ತೋಡು ಸಾಕು ಮಾರಾಯ. ತೋಡಲ್ಲಿ ನೀರು ಕಟ್ಟಿದ್ರೆ ಕಣ್ಣಿಗೆ ಕಾಣ್ತದೆ. ಇದು ಮಣ್ಣೊಳಗೆ ಕಟ್ಟಿದ್ರೆ ಎಂತ ಮಾಡ್ತಿ?"

"ಇದು ಕಟ್ಟೂದಾ? ಒಂದು ವರ್ಷದೊಳಗೆ ಕಟ್ಟಿದ್ರೆ ಈ ಮೀಸೆ ಬೋಳಿಸಿ ನಿನ್ನ ತೋಡಿಗೇ ಬಿಡ್ತೆ!"

ಹತ್ತು ಜನ ಕೇಳಿಸಿಕೊಂಡರು. ಹತ್ತು ಜನ ಎಂದರೆ ಕಾಗಾಲದಲ್ಲಿ ಊರೆಲ್ಲ ಎಂದರ್ಥ.

ಬಚ್ಚಲ ಗೋಡೆಗೂ ಬೊಮ್ಮಯ್ಯನ ಎದೆಮಟ್ಟದ ಕೆಂಪುಕಲ್ಲಿನ ಗೋಡೆಗೂ ನಡುವೆ ಒಂದು ಸಂದಿ ಇತ್ತು. ಬೆಕ್ಕು ಆರಾಮಾಗಿ, ನಾಯಿ ಯೋಚಿಸಿ ಹೋಗುವಷ್ಟು ಅಗಲ. ಪೈಪನ್ನು ಆ ಸಂದಿಯಲ್ಲೇ ಮೊಳದಾಳಕ್ಕೆ ಹೂತು ಹಿತ್ತಲ ತೆಂಗಿನ ಬುಡಕ್ಕೆ ಒಯ್ದರು. ನಡುವೆ ಒಂದು ಬಂಡೆ ಅಡ್ಡ ಬಂದಾಗ ದುರ್ಗಪ್ಪ ಪೈಪನ್ನು ಹಂಡೆಯ ಒಲೆಗೆ ಹಿಡಿದು ಬಗ್ಗಿಸಿದ. ಬಗ್ಗಿಸಿದಲ್ಲಿ ಅದು ಸ್ವಲ್ಪ ಚಪ್ಪಟೆಯಾಯಿತು. "ನೀರಿಗೆಂತ ಸೊಂಟ ನೋವಾ?" ಎಂದು ಮಣ್ಣು ಮುಚ್ಚಿಸಿದ.

ಮಳೆಗಾಲ ಮುಗಿಯಿತು, ಪೈಪು ಹರಿಯಿತು, ಮೀಸೆ ಬೆಳೆಯಿತು. ದೀಪಾವಳಿ ಬಂತು.

ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದವರು ಮೊದಲು ಒಂದು ಹಿಂಡಲಕಾಯಿಯನ್ನು ಕಾಲಿನಿಂದ ಮೆಟ್ಟಿ ಒಡೆಯಬೇಕು. ನಿಂಬೆಹಣ್ಣಿನಷ್ಟು ದೊಡ್ಡ ಕಹಿ ಕಾಡುಕಾಯಿ ಅದು. ಅದು ಪಚಕ್ಕೆಂದರೆ ನರಕಾಸುರ ಸತ್ತ ಲೆಕ್ಕ, ಆಮೇಲೆ ಮೀಯಬಹುದು. ದುರ್ಗಪ್ಪನ ಮನೆಯಲ್ಲಿ ಆ ಬೆಳಿಗ್ಗೆ ಆರು ಜನ ಮಿಂದರು. ಆರನೆಯವಳಾಗಿ ಮಿಂದ ಸರೋಜಾ ಒಳಗಿಂದ ಕೂಗಿದಳು:

"ಹ್ವಾಯ್! ನೀರು ಹೋಗ್ತಿಲ್ಲ! ನನ್ನ ಕಾಲಗಂಟು ಮುಳುಗ್ತು!"

ದುರ್ಗಪ್ಪನ ಕೈ ತಾನಾಗಿ ಮೀಸೆಗೆ ಹೋಯಿತು. ಬೊಮ್ಮಯ್ಯ ಮಗಳನ್ನು ಹಬ್ಬಕ್ಕೆ ಕರೆತರಲು ಮೊದಲ ಬಸ್ಸಿಗೇ ಸಂತೆಗುಳಿಗೆ ಹೋಗಿದ್ದ, ಮಧ್ಯಾಹ್ನಕ್ಕೆ ಬರುತ್ತಾನೆ. ಅಷ್ಟರೊಳಗೆ ಪೈಪು ಬಿಡಿಸಿ, ಮಣ್ಣು ಮುಚ್ಚಿ, ಮೇಲೆ ಒಣಗಿದ ತೆಂಗಿನ ಗರಿಯ ಮಡ್ಲು ಹಾಸಿಬಿಟ್ಟರೆ ಮೀಸೆ ಬಚಾವು.

ಗದ್ದೆ ಕೆಲಸದ ಬೀರನನ್ನು ಕರೆಸಿದ. ಬೀರ ತೆಳ್ಳಗಿನ ಆಳು. ಸಂದಿಗೆ ನುಗ್ಗಿ ಕರಟದಿಂದ ಮಣ್ಣು ತೋಡಿ ಪೈಪು ಕಂಡ. ಬಡಿಯುತ್ತ ಹೋದ. ಬಗ್ಗಿಸಿದಲ್ಲಿ ಸದ್ದು ಸತ್ತಿತು.

"ಇಲ್ಲೇ ಇತ್ ಒಡೆಯಾ, ಗಡ್ಡೆ. ಕೊಯ್ಯೂದೇ."

ಗರಗಸ ಕೊಟ್ಟರು. ಗರಗಸಕ್ಕೆ ಹೋಗಲಿಕ್ಕೂ ಬರಲಿಕ್ಕೂ ಜಾಗ ಬೇಕು. ಅಲ್ಲಿ ಅದಕ್ಕೆ ಮಲಗಲು ಮಾತ್ರ ಜಾಗವಿತ್ತು. ಎಳೆದರೆ ಬೀರನ ಮೊಣಕೈ ಈ ಗೋಡೆಗೆ, ದೂಡಿದರೆ ಗರಗಸದ ಮೂಗು ಆ ಗೋಡೆಗೆ. ಕತ್ತಿ ಕೊಟ್ಟರು. ಕತ್ತಿ ಪೈಪಿನ ಮೇಲೆ ಪುಟಿದು ಬೀರನ ಮೊಣಕಾಲಿಗೇ ಬರುತ್ತಿತ್ತು.

"ನಿನಗೆ ಬುದ್ಧಿ ಇಲ್ಲ. ಹಿಂದೆ ಸರಿ," ಎಂದು ದುರ್ಗಪ್ಪ ತಾನೇ ಒಳಗೆ ಹೊಕ್ಕ.

ಅಡ್ಡಡ್ಡವಾಗಿ ಎಂಟು ಹೆಜ್ಜೆ ಹೋದ. ಒಂಬತ್ತನೆಯದಕ್ಕೆ ಕಾಲು ಹೊಂಡಕ್ಕೆ ಜಾರಿತು, ಹೊಟ್ಟೆ ಬೊಮ್ಮಯ್ಯನ ಗೋಡೆಗೂ ಬೆನ್ನು ಬಚ್ಚಲ ಗೋಡೆಗೂ ಒತ್ತಿ ಕೂತಿತು. ಉಸಿರು ಬಿಟ್ಟು ನೋಡಿದ, ಬಿಗಿಯಾಯಿತು. ಎಳೆದುಕೊಂಡು ನೋಡಿದ, ಇನ್ನೂ ಬಿಗಿಯಾಯಿತು.

"ಬೀರಾ, ನಾ ಸಿಕ್ಕಿಬಿದ್ದೆ."

"ಕಂಡೆ ಒಡೆಯಾ. ನೀವು ದಾರಿಗೆ ಅಡ್ಡ ಆದ್ರಿ, ನಾ ಹಿತ್ತಲ ಬದಿಗೆ ಉಳ್ದೆ."

ಗೋಡೆಯ ಮೇಲೆ ದುರ್ಗಪ್ಪನ ತಲೆ ಮಾತ್ರ ಕಾಣುತ್ತಿತ್ತು. ಬೊಮ್ಮಯ್ಯನ ಹೆಂಡತಿ ಹನುಮಕ್ಕ ಅಂಗಳ ಗುಡಿಸುತ್ತ ಬಂದವಳು ಆ ತಲೆಯನ್ನು ನೋಡಿ ನಿಂತಳು.

"ಇದೆಂತದೋ ದುರ್ಗಪ್ಪ, ಹಬ್ಬದ ದಿನ?"

"ಎಂತದೂ ಇಲ್ಲ ಅಕ್ಕ. ಗಾಳಿ ತಕಂತೆ."

"ಗಾಳಿ ಇಪ್ಪೂದು ಅಂಗಳದಾಗೆ ಅಲ್ದಾ?"

ಹೆಚ್ಚು ಹೊತ್ತು ಅವಳನ್ನು ನಂಬಿಸುವುದು ಸಾಧ್ಯವಿರಲಿಲ್ಲ. ಅಷ್ಟರಲ್ಲಿ ಬೀರನ ಹೆಂಡತಿ ಲಕ್ಕಿ ಗಂಡನನ್ನು ಹುಡುಕಿಕೊಂಡು ಬಂದಳು. ಸಂದಿ ಇಣುಕಿದಳು, ಬಚ್ಚಲು ನೋಡಿದಳು, ಅಡಿಗೆಮನೆಯ ಬಾಗಿಲಿಗೆ ಹೋಗಿ ಮಜ್ಜಿಗೆ ಕಡೆಯುವ ಕಂಬವನ್ನು ನೋಡಿ ಬಂದಳು.

"ಅಮ್ಮಾ, ಆ ಕಂಬದ ಸೊಂಟ ಸವದಿತ್ತಲ್ದಾ? ಯಾರು ಕೊಯ್ದದ್ದು?"

"ಯಾರು ಕೊಯ್ತಾರೆ! ನಮ್ಮತ್ತೆ ಕಾಲದಿಂದ ಕಡೆಗೋಲ ಹಗ್ಗ ತಿಕ್ಕಿ ತಿಕ್ಕಿ—" ಸರೋಜಾ ಮಾತು ನಿಲ್ಲಿಸಿದಳು.

"ಹಲಸಿನ ಕಂಬಾನೇ ತಿಂದ ಹಗ್ಗಕ್ಕೆ ಈ ಮುಂಬೈ ಕೊಳವೆ ಎಂತ ಲೆಕ್ಕ?" ಎಂದಳು ಲಕ್ಕಿ.

ಮೊದಲು ಪೈಪಿಗೆ ಸುತ್ತಿ ಎಳೆದ ತೆಂಗಿನ ಕತ್ತದ ಹಗ್ಗ ನಾಲ್ಕು ಎಳೆತಕ್ಕೆ ಹರಿಯಿತು. ಆಗ ಸರೋಜಾ ಬಟ್ಟೆ ಒಣಗಿಸುತ್ತಿದ್ದ ನೈಲಾನ್ ಹುರಿ ಬಿಚ್ಚಿ ತಂದಳು. ಪೈಪಿನ ಕಟ್ಟಿಗೆ ಸುತ್ತಿಕೊಂಡು ಮುಂಬಯಿಯಿಂದಲೇ ಬಂದದ್ದು ಅದು. ಬೀರ ತೆವಳಿ ಅದನ್ನು ಪೈಪಿನ ಅಡಿಯಲ್ಲಿ ತೂರಿಸಿದ. ಒಂದು ತುದಿ ಬಚ್ಚಲ ಕಿಟಕಿಯಲ್ಲಿ ಸರೋಜಾಳಿಗೆ ಹೋಯಿತು. ಇನ್ನೊಂದು ತುದಿ ಹಿಡಿಯಲು ಲಕ್ಕಿ ಗೋಡೆಯಾಚೆ ಬೊಮ್ಮಯ್ಯನ ಅಂಗಳಕ್ಕೆ ಹೋದಳು.

"ಅಲ್ಲಿ ಬೇಡ!" ಎಂದ ದುರ್ಗಪ್ಪ.

ಆದರೆ ಹನುಮಕ್ಕ ಆಗಲೇ ಸೆರಗು ಸಿಕ್ಕಿಸಿ ಕೈ ಚಾಚಿದ್ದಳು. ನಾಲ್ಕು ಎಮ್ಮೆಯ ಮೊಸರು ಕಡೆಯುವವಳು. "ತಾರೇ ಇಲ್ಲಿ. ನಿಂಗೆ ಕೈ ಬೀಸೂಕೆ ಬತ್ತಿಲ್ಲ," ಎಂದು ಲಕ್ಕಿಯನ್ನು ಸರಿಸಿದಳು. ಲಕ್ಕಿಗೆ ಬೇರೆ ಕೆಲಸ ಉಳಿಯಲಿಲ್ಲ. ಹಾಡು ಎತ್ತಿದಳು:

"ಎಳಿಯೇ ತಂಗಿ ಎಳಿಯೇ, ಬೆಣ್ಣಿ ಬರೂ ತನಕ,
ಎಳಿಯೇ ಅಕ್ಕ ಎಳಿಯೇ, ಮೀಸಿ ಬರೂ ತನಕ!"

"ಮೀಸೆ ಸುದ್ದಿ ಎಂತಕೆ?" ಎಂದು ದುರ್ಗಪ್ಪ ಕೂಗಿದ. ಯಾರೂ ಕೇಳಲಿಲ್ಲ. ಹುರಿ ಅವನ ಮೂಗಿನ ಮುಂದೆ ಮೇಲೂ ಕೆಳಗೂ ಓಡುತ್ತ, ಪ್ರತಿ ಸಲ ಮೀಸೆಯ ಬಲತುದಿಯನ್ನು ಸವರುತ್ತಿತ್ತು. ಕೆಳಗಿಂದ ಬಾಚಣಿಗೆ ಸುಟ್ಟ ವಾಸನೆ ಬಂತು. ಬಿಳಿ ಹುಡಿ ಉದುರಿತು. ಬೆಣ್ಣೆಯಲ್ಲಿ ನೂಲು ಎಳೆದಂತೆ ಹುರಿ ಪೈಪಿನೊಳಗೆ ಇಳಿಯಿತು.

"ಹೋಯ್, ಇದೆಂತ ನಡೆದಿತ್ತು?"

ಬೊಮ್ಮಯ್ಯ. ಚೀಲ ಹಿಡಿದು, ಹಿಂದೆ ಮಗಳನ್ನು ಕರೆದುಕೊಂಡು, ಅಂಗಳದ ನಡುವೆ ನಿಂತಿದ್ದ.

ದುರ್ಗಪ್ಪ ಬಾಯಿ ತೆರೆದ. ಅದೇ ಹೊತ್ತಿಗೆ ಪೈಪು ಫಟ್ಟೆಂದು ಎರಡಾಯಿತು. ಆರು ಜನರ ಎಣ್ಣೆ, ಸೀಗೆಪುಡಿ, ಕಾಯಿಯ ಸಿಪ್ಪೆ ಎಲ್ಲ ಒಟ್ಟಿಗೆ ಚಿಮ್ಮಿ ತೆರೆದ ಬಾಯಿಗೇ ಹೊಡೆಯಿತು. ಮೀಸೆ ಜೋತುಬಿತ್ತು. ಆದರೆ ಎಣ್ಣೆನೀರು ಹೊಟ್ಟೆಗೂ ಗೋಡೆಗೂ ನಡುವೆ ಇಳಿದು, ಅವನು ಸೋಪಿನ ಬಿಲ್ಲೆಯಂತೆ ಜಾರಿ ಬಿಡುಗಡೆಯಾದ. ಹೊಂಡದಲ್ಲಿ ಕಾಲ ಬಳಿ ಏನೋ ಉರುಳಿ ಬಂದು ನಿಂತಿತು.

ಹಿಂಡಲಕಾಯಿ. ಇಡಿಯದು. ಗೀರೂ ಇಲ್ಲ.

"ವರ್ಷ ಆಗ್ಲಿಲ್ಲ ಮಾರಾಯ," ಎಂದ ಬೊಮ್ಮಯ್ಯ, ಗೋಡೆಗೆ ಎರಡೂ ಮೊಣಕೈ ಊರಿ. "ಪೈಪು ಕಟ್ತು."

"ಪೈಪು ಕಟ್ಟಲಿಲ್ಲ! ಮೆಟ್ಟದ ಕಾಯಿ ಒಳಗೆ ಹೋಗಿ ಕಟ್ಟಿದ್ದು. ಪೈಪಿನ ತಪ್ಪೆಂತ?"

"ಮೆಟ್ಟದೆ ಬಿಟ್ಟದ್ದು ಯಾರು?" ಸರೋಜಾ ಕಿಟಕಿಯಿಂದ ಕೇಳಿದಳು. "ಮಕ್ಕಳದ್ದು ನಾನೇ ನಿಂತು ಮೆಟ್ಟಿಸಿದ್ದೆ. ಅತ್ತೆಯದ್ದು ಒಡೆದ ಸದ್ದು ಕೇಳಿದ್ದೆ."

ದುರ್ಗಪ್ಪ ಕಾಯಿಯನ್ನು ನೋಡಿದ. ಅವನ ಬಲಗಾಲಲ್ಲಿ ಆಣಿ ಇತ್ತು. ನೋವಿಗೆ ಹೆದರಿ, ಕತ್ತಲಲ್ಲಿ ಯಾರೂ ಇಲ್ಲವೆಂದು ಕಾಯಿಯನ್ನು ಮೆಲ್ಲಗೆ ಪೈಪಿನ ಬಾಯಿಗೆ ಒದ್ದಿದ್ದ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಮೀಸೆ. ಮೀಸೆ ಕಚೇರಿಗೆ ಬೇಕು. ಮಾನ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

"ಅದು ನಂದು," ಎಂದ. "ಆಣಿ ಇತ್ತು."

ಲಕ್ಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹನುಮಕ್ಕ ಮುಚ್ಚಿಕೊಳ್ಳಲಿಲ್ಲ. "ನಿಮ್ಮನೆಲಿ ನರಕಾಸುರ ಇನ್ನೂ ಜೀವಂತ ಇತ್ತನೇ ಸರೋಜಾ!"

"ಈಗಲೇ ಮೆಟ್ಟಿ," ಎಂದಳು ಸರೋಜಾ. "ಎಲ್ಲರೆದುರು."

"ಮೆಟ್ಟು," ಎಂದ ಬೊಮ್ಮಯ್ಯ. "ಮೆಟ್ಟಿದ್ರೆ ಪೈಪಿನ ತಪ್ಪಿಲ್ಲ ಅಂತ ಒಪ್ಪಿದೆ. ಮೀಸೆ ನಿಂದೇ."

ದುರ್ಗಪ್ಪ ಬಲಗಾಲೆತ್ತಿದ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮೆಟ್ಟಿದ. ಆದರೆ ಕಾಲಿಗೆ ಎಣ್ಣೆ, ಕಾಯಿಗೂ ಎಣ್ಣೆ. ಕಾಯಿ ಪುಳಕ್ಕನೆ ಜಾರಿ ನೆಗೆದು, ಪೈಪಿನ ತೆಂಗಿನ ಕಡೆಯ ಅರ್ಧಕ್ಕೆ ಹೋಗಿ ಹೊಕ್ಕಿತು. ಮಣ್ಣೊಳಗೆ ಗುಡುಗುಡು ಉರುಳುವುದು ಕೇಳಿಸಿತು. ಬೀರ ತೆಂಗಿನ ಬುಡಕ್ಕೆ ಓಡಿ ಪೈಪಿನ ಬಾಯಿಗೆ ಕೈಯೊಡ್ಡಿ ಕೂತ.

ಸದ್ದು ಅರ್ಧ ದಾರಿಯಲ್ಲಿ ನಿಂತಿತು. ಎಲ್ಲರೂ ಕಾದರು.

"ಬತ್ತಿಲ್ಲ ಒಡೆಯಾ," ಎಂದ ಬೀರ.

ಬೊಮ್ಮಯ್ಯ ಒಳಗೆ ಹೋಗಿ ಕ್ಷೌರದ ಕತ್ತಿಯನ್ನೂ ಒಂದು ಗಿಂಡಿ ನೀರನ್ನೂ ತಂದು ಗೋಡೆಯ ಮೇಲೆ ಇಟ್ಟ. ಹನುಮಕ್ಕ ಹುರಿಯ ತುದಿಯನ್ನು ಮತ್ತೆ ಕೈಗೆ ಸುತ್ತಿಕೊಂಡು, ಲಕ್ಕಿಯ ಕಡೆ ತಿರುಗಿದಳು.

"ಹಾಡು ಎತ್ತೇ. ಕಾಯಿಯೋ ಮೀಸೆಯೋ, ಯಾವುದು ಮೊದಲು ಬತ್ತದೋ ನೋಡುವ."